ಎಡಗೈಯಲ್ಲಿ ಕೊಂಬೆ, ಬಲಗೈಯಲ್ಲಿ ಮತ

ಮೂರನೇ ವಾರದ ತಾಲೀಮಿನಲ್ಲಿ ನಮ್ಮ ರಾಜ ಅರ್ಧಕ್ಕೇ ನಿಂತುಬಿಟ್ಟರು. ಮಾತು ಮರೆತದ್ದಲ್ಲ. ಕೈಯಲ್ಲಿದ್ದ ಹಾಳೆಗಳನ್ನು ಮಡಚಿ, ನನ್ನ ಕಡೆ ತಿರುಗಿ ಕೇಳಿದರು: "ಅಲ್ಲಮ್ಮಾ, ನಾನು ಯಾಕೆ ಹೆದರಬೇಕು? ಹೆಣ್ಣುಮಕ್ಕಳು ಬಂದು ಕಾಪಾಡಿ ಅಂತಾರೆ. ಆಗಲ್ಲ ಅಂದ್ರೆ ಮುಗೀತು. ಆಯ್ತು ಅಂದ್ರೂ ಮುಗೀತು. ಈ ಮನುಷ್ಯ ಇಷ್ಟು ಹೊತ್ತು ಒದ್ದಾಡೋದು ಯಾಕೆ?"

ಅವರು ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಅರ್ಥವಾಗದ ಸಾಲನ್ನು ಬಾಯಿಪಾಠ ಒಪ್ಪಿಸಿ ದಾಟಿಸುವವರಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನ ತಾಲೀಮು ಅಲ್ಲಿಗೇ ನಿಲ್ಲಿಸಿದೆ. ಆಮೇಲೆ ಆ ಪ್ರಶ್ನೆಯನ್ನು ಹಿಡಿದುಕೊಂಡೇ ಇಡೀ ನಾಟಕವನ್ನು ಮತ್ತೆ ಕಟ್ಟಬೇಕಾಯಿತು. ಹೇಗೆ ಕಟ್ಟಿದೆ ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ ನಮ್ಮದೊಂದು ಚಿಕ್ಕ ಹವ್ಯಾಸಿ ತಂಡ. ಸಂಜೆ ಕೆಲಸ ಮುಗಿಸಿ ಬರುವವರೇ ಎಲ್ಲರೂ. ನಾವು ಎತ್ತಿಕೊಂಡ ನಾಟಕ ಪ್ರಾಚೀನ ಗ್ರೀಸಿನ ನಾಟಕಕಾರ ಈಸ್ಕಿಲಸ್‌ನದು. ಗ್ರೀಕಿನಲ್ಲಿ ಅದರ ಹೆಸರು 'ಹಿಕೆಟಿಡೆಸ್', ಅಂದರೆ ಆಸರೆ ಬೇಡಿ ಬಂದ ಹೆಂಗಸರು. ನಾನು 'ಶರಣು ಬಂದವರು' ಎಂದು ಕರೆದೆ. ಗ್ರೀಕ್ ನನಗೆ ಸರಾಗವಾಗಿ ಬಾರದು. ನಾಲ್ಕು ಇಂಗ್ಲಿಷ್ ಅನುವಾದಗಳನ್ನು ಪಕ್ಕಪಕ್ಕ ಹರಡಿಕೊಂಡು, ಅನುಮಾನ ಬಂದ ಕಡೆ ಮೂಲದ ಸಾಲನ್ನು ನಿಘಂಟು ಹಿಡಿದು ಒಂದೊಂದೇ ಪದ ಬಿಡಿಸಿಕೊಂಡು ಕನ್ನಡ ಮಾಡಿದೆ. ಅದಕ್ಕೇ ಒಂದು ವರ್ಷ ಹಿಡಿಯಿತು.

ಕಥೆ ಚಿಕ್ಕದು. ಡನೌಸ್ ಎಂಬವನಿಗೆ 50 ಹೆಣ್ಣುಮಕ್ಕಳು. ಅವನ ಒಡಹುಟ್ಟಿದವನಾದ ಈಜಿಪ್ಟಸ್‌ಗೆ 50 ಗಂಡುಮಕ್ಕಳು. ಗಂಡುಮಕ್ಕಳು ಬಲವಂತವಾಗಿ ಮದುವೆಯಾಗಲು ಬೆನ್ನು ಹತ್ತುತ್ತಾರೆ. ಹೆಣ್ಣುಮಕ್ಕಳು ಅಪ್ಪನ ಜೊತೆ ನೈಲ್ ನದಿಯ ನಾಡಿನಿಂದ ಸಮುದ್ರ ದಾಟಿ ಗ್ರೀಸಿನ ಆರ್ಗೋಸ್‌ಗೆ ಓಡಿಬರುತ್ತಾರೆ. ಅವರ ವಂಶದ ಮೂಲದವಳು ಇಯೋ, ಆರ್ಗೋಸಿನ ಮಗಳು. ಹಾಗಾಗಿ ಅವರು ಪರದೇಶದವರೂ ಹೌದು, ನೆಂಟರೂ ಹೌದು. ದೇವರ ವಿಗ್ರಹಗಳಿರುವ ಒಂದು ಗುಡ್ಡದ ಮೇಲೆ ಕೂತು ರಾಜ ಪೆಲಾಸ್ಗಸ್‌ನ ಹತ್ತಿರ ಆಸರೆ ಕೇಳುತ್ತಾರೆ. ಕೊಟ್ಟರೆ ಈಜಿಪ್ಟಿನವರ ಜೊತೆ ಯುದ್ಧ. ಕೊಡದಿದ್ದರೆ ದೇವರ ಕೋಪ. ಊರಿನ ಜನರನ್ನು ಕೇಳುತ್ತೇನೆ ಅನ್ನುತ್ತಾನೆ ರಾಜ. ಜನ ಕೈ ಎತ್ತಿ ಮತ ಹಾಕುತ್ತಾರೆ.

ಬಹಳ ಕಾಲ ಇದನ್ನೇ ನಮಗೆ ಉಳಿದಿರುವ ಅತಿ ಹಳೆಯ ಗ್ರೀಕ್ ದುರಂತ ನಾಟಕ ಎಂದು ತಿಳಿದಿದ್ದರು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ್ದ ಒಂದು ಪಪೈರಸ್ ಚೂರು 1952ರಲ್ಲಿ ಪ್ರಕಟವಾಯಿತು. ಈ ನಾಟಕ ಆಡಿದ ವರ್ಷದ ನಾಟಕ ಸ್ಪರ್ಧೆಯಲ್ಲಿ ಈಸ್ಕಿಲಸ್ ಮೊದಲನೆಯವನು, ಅವನಿಗಿಂತ ಎಷ್ಟೋ ಚಿಕ್ಕವನಾದ ಸೊಫೋಕ್ಲಿಸ್ ಎರಡನೆಯವನು ಎಂದು ಅದರಲ್ಲಿದೆ. ಹಾಗಾಗಿ ಈಗ ಈ ನಾಟಕವನ್ನು ಕ್ರಿ.ಪೂ. 463ರ ಸುಮಾರಿಗೆ ಇಡುತ್ತಾರೆ. ಅತಿ ಹಳೆಯದು ಈಗ ಕ್ರಿ.ಪೂ. 472ರ ಪರ್ಷಿಯನರ ನಾಟಕ. ಬಿ.ಎಂ.ಶ್ರೀ. 'ಪಾರಸಿಕರು' ಎಂದು ಕನ್ನಡಕ್ಕೆ ತಂದದ್ದು ಅದನ್ನೇ. ನನಗೆ ಈ 463 ಮುಖ್ಯವಾಗಿ ಕಂಡಿತು. ಕ್ರಿ.ಪೂ. 462-61ರಲ್ಲಿ ಅಥೆನ್ಸಿನಲ್ಲಿ ಎಫಿಯಾಲ್ಟಿಸ್ ಎಂಬ ಮುಖಂಡ ಅರಿಯೋಪಾಗಸ್ ಎಂಬ ಹಿರಿಯರ ಮಂಡಳಿಯ ಬಹುಪಾಲು ಅಧಿಕಾರ ತೆಗೆದು ಜನರ ಸಭೆಗೆ, ಜನರ ನ್ಯಾಯಾಲಯಗಳಿಗೆ ಕೊಡಿಸಿದ. ಊರನ್ನು ಆಳಬೇಕಾದವರು ಯಾರು ಎಂಬ ಜಗಳ ಬೀದಿಯಲ್ಲಿ ನಡೆಯುತ್ತಿದ್ದ ವರ್ಷಗಳವು. ಅಂಥ ಹೊತ್ತಿನಲ್ಲಿ ರಂಗದ ಮೇಲೆ ಒಬ್ಬ ರಾಜ 'ಜನರನ್ನು ಕೇಳಬೇಕು' ಎನ್ನುತ್ತಾನೆ.

ಇಷ್ಟು ಗೊತ್ತಿದ್ದದ್ದೇ ನನ್ನ ತಪ್ಪಿಗೂ ಕಾರಣವಾಯಿತು. ಇದು ಪ್ರಜಾಪ್ರಭುತ್ವದ ನಾಟಕ ಎಂದು ತೀರ್ಮಾನಿಸಿಬಿಟ್ಟೆ. ಹಾಗಾಗಿ ದೇವರ ವಿಷಯವೆಲ್ಲ ಮೇಲಿನ ಅಲಂಕಾರದಂತೆ ಕಂಡಿತು. ಮೂಲದಲ್ಲಿ ಅರ್ಧಕ್ಕಿಂತ ಜಾಸ್ತಿ ಭಾಗ ಮೇಳದ, ಅಂದರೆ ಆ ಹೆಣ್ಣುಮಕ್ಕಳ ಗುಂಪಿನ, ಹಾಡು, ಪ್ರಾರ್ಥನೆ. ಅದನ್ನು ಕತ್ತರಿಸಿದೆ. ಶರಣು ಬೇಡುವ ಗುರುತಾಗಿ ಹೆಣ್ಣುಮಕ್ಕಳು ಕೈಯಲ್ಲಿ ಹಿಡಿದು ಬರುವ ಕೊಂಬೆಗಳನ್ನು ತೆಗೆದೆ. ಗುಡ್ಡ, ವಿಗ್ರಹ, ಬಲಿಪೀಠ ಯಾವುದೂ ಬೇಡ, ಖಾಲಿ ರಂಗ ಸಾಕು ಎಂದೆ. ಉಳಿದದ್ದು ವಾದ, ಪ್ರತಿವಾದ, ಮತ. ಓದುವಾಗ ಚೆನ್ನಾಗಿಯೇ ಇತ್ತು. ಎದ್ದು ನಿಂತು ಆಡಲು ಹೋದಾಗ ಮೇಷ್ಟ್ರು ಆ ಪ್ರಶ್ನೆ ಕೇಳಿದರು.

ಮನೆಗೆ ಹೋಗಿ, ರಾಜ ಜನರ ಹೆಸರು ಎತ್ತುವ ಮೊದಲ ಸಾಲುಗಳನ್ನು ಮತ್ತೆ ತೆಗೆದೆ. ನನ್ನ ಕನ್ನಡದಲ್ಲಿ ಅವು ಕೊನೆಗೆ ಹೀಗಾದವು: "ನೀವು ಕೂತಿರುವುದು ನನ್ನ ಮನೆಯ ಒಲೆಯ ಮುಂದೆ ಅಲ್ಲ. ಸೂತಕ ತಟ್ಟಿದರೆ ಇಡೀ ಊರಿಗೆ ತಟ್ಟುತ್ತದೆ. ಮದ್ದನ್ನೂ ಊರೇ ಕೂಡಿ ಹುಡುಕಲಿ. ಎಲ್ಲರನ್ನೂ ಕೇಳದೆ ನಾನು ಮಾತು ಕೊಡುವುದಿಲ್ಲ."

ಮೊದಲ ಕರಡಿನಲ್ಲಿ ನಾನು ಉಳಿಸಿಕೊಂಡಿದ್ದು ಕೊನೆಯ ಸಾಲು ಮಾತ್ರ. ಎಲ್ಲರನ್ನೂ ಕೇಳದೆ ಮಾತು ಕೊಡುವುದಿಲ್ಲ. ಕೇಳಲು ಚಂದ. ಆದರೆ ಯಾಕೆ ಕೇಳಬೇಕು ಅನ್ನೋದು ಮುಂಚಿನ ಮೂರು ಸಾಲಿನಲ್ಲಿತ್ತು. ಶರಣು ಬಂದವರನ್ನು ತಳ್ಳಿದರೆ ತಟ್ಟುವ ದೋಷ ರಾಜನೊಬ್ಬನಿಗೆ ನಿಲ್ಲುವುದಿಲ್ಲ, ಎಲ್ಲರಿಗೂ ತಟ್ಟುತ್ತದೆ. ಎಲ್ಲರಿಗೂ ತಟ್ಟುವುದನ್ನು ಒಬ್ಬನೇ ತೀರ್ಮಾನಿಸುವುದು ಹೇಗೆ? ಪೆಲಾಸ್ಗಸ್‌ನ ಪ್ರಜಾಪ್ರಭುತ್ವ ಹುಟ್ಟುವುದೇ ಈ ಭಯದಿಂದ. ನಾನು ಭಯವನ್ನು ಕಿತ್ತುಹಾಕಿ ಮತವನ್ನು ಮಾತ್ರ ಇಟ್ಟುಕೊಂಡಿದ್ದೆ.

ಅದಕ್ಕೆ ಹೆಣ್ಣುಮಕ್ಕಳು ಕೊಡುವ ಉತ್ತರವನ್ನೂ ನೋಡಿ: "ಊರೆಂದರೆ ನೀನೇ. ಮಂದಿಯೆಂದರೂ ನೀನೇ. ನಿನ್ನನ್ನು ವಿಚಾರಿಸುವವರಿಲ್ಲ. ಈ ನೆಲದ ಒಲೆಯೂ ಬಲಿಪೀಠವೂ ನಿನ್ನದು. ನೀನು ತಲೆದೂಗಿದರೆ ಅದೊಂದೇ ಮತ." ಅವರು ಬಂದದ್ದು ರಾಜನ ಮಾತೇ ಕೊನೆಯಾದ ನಾಡಿನಿಂದ. ಸಭೆ, ಮತ ಅವರಿಗೆ ಗೊತ್ತಿಲ್ಲ. ಅವರ ಕೈಯಲ್ಲಿರುವುದು ವಿಧಿ ಒಂದೇ, ಶರಣು ಬೇಡುವ ಕ್ರಮ. ಅದನ್ನು ಅವರು ಎಷ್ಟು ಗಟ್ಟಿಯಾಗಿ ಹಿಡಿಯುತ್ತಾರೆಂದರೆ, ರಾಜ ತನ್ನ ಜನರ ಹತ್ತಿರ ಹೋಗಲೇಬೇಕಾಗುತ್ತದೆ.

'ಸೂತಕ' ಎಂಬ ಪದ ಸುಲಭವಾಗಿ ಸಿಗಲಿಲ್ಲ. ಗ್ರೀಕ್ ಪದ 'ಮಿಯಾಸ್ಮ'. ಮೊದಲು 'ಮೈಲಿಗೆ' ಎಂದು ಹಾಕಿದೆ. ಅದು ಕೂಡಲೇ ಹೊಂದಿಕೊಂಡಿತು. ಆದರೆ ಬಾಯಿಬಿಟ್ಟು ಹೇಳಿದಾಗ ತಾಲೀಮಿನ ಕೋಣೆಯಲ್ಲಿ ಎಲ್ಲರೂ ಒಂಥರಾ ಸುಮ್ಮನಾದರು. ನಮ್ಮಲ್ಲಿ ಮೈಲಿಗೆ ಎಂದರೆ ಮನುಷ್ಯರನ್ನು ಹುಟ್ಟಿನಿಂದಲೇ ದೂರ ಇಟ್ಟ ಪದ. ಎಷ್ಟೋ ಮಂದಿಯ ಮೈಮೇಲೆ ಅದರ ಗಾಯ ಇನ್ನೂ ಇದೆ. ಗ್ರೀಕರ ಮಿಯಾಸ್ಮ ಹಾಗಲ್ಲ. ಇಲ್ಲಿ ಅದು ಮಾಡಿದ ಕೆಲಸದಿಂದ ಬರುವುದು: ಕೊಲೆ, ಶರಣು ಬಂದವರನ್ನು ಬಲಿಪೀಠದಿಂದ ಎಳೆದುಹಾಕುವುದು. 'ಪಾಪ' ಎಂದು ನೋಡಿದೆ. ಅದು ಮಾಡಿದವನಿಗೇ ಅಂಟಿಕೊಳ್ಳುತ್ತದೆ, ಊರಿಗೆ ಹರಡುವುದಿಲ್ಲ. 'ಶಾಪ' ಎಂದರೆ ಯಾರೋ ಕೊಡಬೇಕು. ಕೊನೆಗೆ ಮೇಷ್ಟ್ರೇ ದಾರಿ ತೋರಿಸಿದರು. "ಒಂದು ಮನೇಲಿ ಸಾವಾದ್ರೆ ದಾಯಾದಿಗಳಿಗೆಲ್ಲ ಸೂತಕ ಅಲ್ವಾ? ಅವರು ಬೇರೆ ಊರಲ್ಲಿದ್ದರೂ ಬಿಡಲ್ಲ." ಯಾರದೋ ಮನೆಯ ಸಾವು ನನ್ನ ಮನೆಯ ಒಲೆಯ ತನಕ ಬರುತ್ತದೆ ಎಂಬ ಈ ಅರ್ಥ ಬೇಕಿತ್ತು. ಸೂತಕಕ್ಕೆ ಕೊನೆಯೂ ಇದೆ, ಕಳೆಯುವ ಕ್ರಮವೂ ಇದೆ. 'ಊರಿಗೇ ಸೂತಕ' ಎಂದು ಬರೆದೆ. ಮುಂದೆ ರಾಜನ ಪಾತ್ರ ಮಾಡುವಾಗ ಮೇಷ್ಟ್ರು ಆ ಪದದ ಮೇಲೆ ಒಂದು ಉಸಿರು ಜಾಸ್ತಿ ನಿಲ್ಲುತ್ತಿದ್ದರು.

ಆಮೇಲೆ ನಾನು ಕೇಳಿಕೊಂಡ ಪ್ರಶ್ನೆ ಇದು: ಇದನ್ನು ನೋಡಲು ಕೂತಿದ್ದ ಅಥೆನ್ಸಿನವರು ನಾಟಕ ಶುರುವಾಗುವ ಮುಂಚೆ ಏನೇನು ನೋಡಿ ಬಂದಿರುತ್ತಿದ್ದರು?

ನಾಟಕ ನಡೆಯುತ್ತಿದ್ದದ್ದು ಡಯೋನಿಸಸ್ ದೇವರ ದೊಡ್ಡ ಹಬ್ಬದಲ್ಲಿ, ನಮ್ಮ ಲೆಕ್ಕದಲ್ಲಿ ಮಾರ್ಚ್-ಏಪ್ರಿಲ್ ಹೊತ್ತಿಗೆ. ದೇವರ ಮೂರ್ತಿಯನ್ನು ಊರ ಹೊರಗೆ ಒಯ್ದು, ಪಂಜಿನ ಬೆಳಕಿನಲ್ಲಿ ಮೆರವಣಿಗೆ ಮಾಡಿ ವಾಪಸ್ ತರುತ್ತಿದ್ದರು. ಹೋರಿಗಳ ಬಲಿ ಆಗುತ್ತಿತ್ತು. ಹತ್ತು ಪಂಗಡಗಳಿಂದ ತಲಾ 50 ಗಂಡಸರ ಒಂದು ಮೇಳ, 50 ಹುಡುಗರ ಒಂದು ಮೇಳ. ಒಟ್ಟು 1000 ಜನ ದೇವರ ಮುಂದೆ ಹಾಡಿ ಕುಣಿಯುತ್ತಿದ್ದರು. ಹಾಡಿದವರೆಲ್ಲ ಊರಿನವರೇ. ಈ ಹತ್ತು ಪಂಗಡಗಳು ಕ್ರಿ.ಪೂ. 508ರ ಹೊತ್ತಿಗೆ ಕ್ಲಿಸ್ತನೀಸ್ ಜನರನ್ನು ಹೊಸದಾಗಿ ವಿಂಗಡಿಸಿದಾಗ ಆದವು. ಯುದ್ಧಕ್ಕೆ ಹೋಗುವುದೂ ಊರಿನ ಆಡಳಿತ ಮಂಡಳಿಗೆ ಜನರನ್ನು ಕಳಿಸುವುದೂ ಇದೇ ಪಂಗಡಗಳ ಲೆಕ್ಕದಲ್ಲಿ. ನಾಟಕದ ತೀರ್ಪುಗಾರರನ್ನೂ ಪಂಗಡಕ್ಕೊಬ್ಬರಂತೆ ಚೀಟಿ ಎತ್ತಿ ಆರಿಸುತ್ತಿದ್ದರು. ಹಬ್ಬ ಮುಗಿದ ಮೇಲೆ ಅದೇ ರಂಗಮಂದಿರದಲ್ಲಿ ಜನಸಭೆ ಸೇರಿ, ಹಬ್ಬ ಸರಿಯಾಗಿ ನಡೆಯಿತೇ, ಯಾರಾದರೂ ತಪ್ಪು ನಡೆದರೇ ಎಂದು ವಿಚಾರಣೆ ಮಾಡುತ್ತಿತ್ತು.

ಇದರಲ್ಲಿ ನನ್ನನ್ನು ತುಂಬಾ ಹಿಡಿದದ್ದು ಒಂದು ಚಿಕ್ಕ ವಿಷಯ. ಜನಸಭೆ ಶುರುವಾಗುವ ಮುಂಚೆ ಹಂದಿಮರಿಗಳನ್ನು ಬಲಿ ಕೊಟ್ಟು ಆ ಜಾಗವನ್ನು ಶುದ್ಧಿ ಮಾಡುತ್ತಿದ್ದರು. ಆಮೇಲೆ ಸಾರುವವನು ಪ್ರಾರ್ಥನೆ ಹೇಳಿ, ಜನರಿಗೆ ಮೋಸ ಮಾಡುವವರನ್ನು ಶಪಿಸಿ, 'ಯಾರಿಗೆ ಮಾತಾಡಬೇಕಿದೆ?' ಎಂದು ಕೂಗುತ್ತಿದ್ದ. ರಂಗಮಂದಿರವನ್ನೂ ಹಾಗೆಯೇ, ಹಂದಿಮರಿಗಳಿಂದಲೇ ಶುದ್ಧಿ ಮಾಡುತ್ತಿದ್ದರು. ಪ್ನಿಕ್ಸ್ ಗುಡ್ಡದ ಸಭೆಗೂ ಅಕ್ರೋಪೊಲಿಸ್ ಬುಡದ ರಂಗಮಂದಿರಕ್ಕೂ ಒಂದೇ ಶುದ್ಧಿ. ಎರಡೂ ಕಡೆ ಕೂರುವವರೂ ಹೆಚ್ಚುಕಮ್ಮಿ ಅದೇ ಜನ. ಅವರಿಗೆ ದೇವರ ಕೆಲಸ ಒಂದು ಕಡೆ, ಊರಿನ ಕೆಲಸ ಇನ್ನೊಂದು ಕಡೆ ಇರಲಿಲ್ಲ. ಬೇರೆ ಮಾಡಿದ್ದು ನಾನು, ಕತ್ತರಿ ಹಿಡಿದು.

ಇನ್ನೊಂದು ಸಿಕ್ಕಿತು. ಅರಿಸ್ಟಾಟಲ್‌ನ ಹೆಸರಿನಲ್ಲಿರುವ ಅಥೆನ್ಸಿನ ಆಡಳಿತದ ವಿವರಣೆಯಲ್ಲಿ ಜನಸಭೆಯ ಕಾರ್ಯಸೂಚಿ ಇದೆ. ವರ್ಷವನ್ನು ಹತ್ತು ಭಾಗ ಮಾಡಿ, ಪ್ರತಿ ಭಾಗದಲ್ಲಿ ನಾಲ್ಕು ಸಭೆ. ಆ ನಾಲ್ಕರಲ್ಲಿ ಒಂದು ಶರಣು ಬೇಡುವವರಿಗೆ ಮೀಸಲು. ಬಯಸಿದವರು ಕೊಂಬೆಯನ್ನು ಇಟ್ಟು, ತಮ್ಮ ಸ್ವಂತ ವಿಷಯವಿರಲಿ, ಊರಿನ ವಿಷಯವಿರಲಿ, ಜನರ ಮುಂದೆ ಹೇಳಿಕೊಳ್ಳಬಹುದಿತ್ತು. ಇದು ನಮ್ಮ ನಾಟಕಕ್ಕಿಂತ ನೂರು ವರ್ಷಕ್ಕೂ ಜಾಸ್ತಿ ಆಚೆಯ ಬರಹ. ಹಾಗಿದ್ದರೂ ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಅಲಂಕಾರ ಎಂದು ಎತ್ತಿಟ್ಟಿದ್ದ ಕೊಂಬೆಯನ್ನು ಆ ಜನ ತಮ್ಮ ಸಭೆಯ ನಡುವೆಯೇ ಇಟ್ಟುಕೊಂಡಿದ್ದರು, ಒಂದು ಅರ್ಜಿಯ ಹಾಗೆ.

ಕೊಂಬೆ ವಾಪಸ್ ಬಂತು. ಮೂಲದಲ್ಲಿ ಅದು ಬಿಳಿ ಉಣ್ಣೆ ಸುತ್ತಿದ ಕೊಂಬೆ. ಗ್ರೀಕರು ಇದಕ್ಕೆ ಆಲಿವ್ ಬಳಸುತ್ತಿದ್ದರು. ಮೈಸೂರಿನಲ್ಲಿ ಆಲಿವ್ ಎಲ್ಲಿ ಹುಡುಕುವುದು? ಬೇವು ಸುಲಭವಾಗಿ ಸಿಗುತ್ತಿತ್ತು. ಆದರೆ ಬೇವಿನ ಸೊಪ್ಪು ಹಿಡಿದ ಹೆಣ್ಣುಮಕ್ಕಳನ್ನು ಕಂಡ ಕೂಡಲೇ ನಮ್ಮ ಜನರ ಮನಸ್ಸು ಮಾರಮ್ಮನ ಜಾತ್ರೆಗೆ ಹೋಗುತ್ತದೆ. ಅದು ಬೇಡವಾಗಿತ್ತು. ಆರ್ಗೋಸ್ ಆರ್ಗೋಸಾಗಿಯೇ ಇರಬೇಕು. ದಾಳಿಂಬೆಯ ಕೊಂಬೆ ಹೊಂದಿತು. ಸಣ್ಣ, ಉದ್ದನೆ ಎಲೆ, ಸೊಟ್ಟ ಕಡ್ಡಿ. ಉಣ್ಣೆಗೆ ಮೊದಲು ಅಂಗಡಿಯ ಹೆಣಿಗೆ ದಾರ ತಂದು ಸುತ್ತಿದೆವು. ಹುಟ್ಟುಹಬ್ಬದ ತೋರಣದ ಹಾಗೆ ಕಂಡಿತು. ಕಂಬಳಿ ನೇಯುವವರ ಹತ್ತಿರ ಹೋದೆ. ಅವರಲ್ಲಿ ಕಪ್ಪು ಉಣ್ಣೆಯೇ ಜಾಸ್ತಿ. ಬಿಳಿದನ್ನು ಆರಿಸಿ ಎರಡು ಚೀಲ ಕೊಟ್ಟರು. ನೂಲದ, ತೊಳೆದು ಹಿಂಜಿದ ಉಣ್ಣೆ. ಅದನ್ನು ಕೊಂಬೆಗೆ ಸುತ್ತಿದಾಗ ಕುರಿಯ ವಾಸನೆ ಸ್ವಲ್ಪ ಉಳಿದಿತ್ತು. ಹುಡುಗಿಯರು ಹಿಡಿಯುವ ರೀತಿಯೇ ಬದಲಾಯಿತು. ಆಟದ ಸಾಮಾನು ಅಲ್ಲ ಅಂತ ಕೈಗೇ ಗೊತ್ತಾಯಿತು ಅನ್ನಬಹುದು.

ಆಗ ಇನ್ನೊಂದು ತಕರಾರು. ಡನೌಸ್ ಮಕ್ಕಳಿಗೆ ಹೇಳಿಕೊಡುತ್ತಾನೆ: ಕೊಂಬೆಯನ್ನು ಎಡಗೈಯಲ್ಲಿ ಹಿಡಿಯಿರಿ. 193ನೇ ಸಾಲು. ಮೇಳದ ಒಬ್ಬ ಹುಡುಗಿ ಒಪ್ಪಲೇ ಇಲ್ಲ. "ಅಕ್ಕಾ, ದೇವರ ಕೊಂಬೆ ಎಡಗೈಯಲ್ಲಿ ಹಿಡಿಯೋದಾ? ನೋಡೋರು ಬೈತಾರೆ." ನನಗೂ ಹಾಗೇ ಅನಿಸಿತ್ತು. ಬೇಡುವವರು ಎದುರಿನವರ ಮೊಣಕಾಲನ್ನೋ ಗಡ್ಡವನ್ನೋ ಮುಟ್ಟಿ ಬೇಡುವುದು ಗ್ರೀಕರ ರೂಢಿ. ಅದಕ್ಕೆ ಬಲಗೈ ಬಿಡುವಾಗಿರಲಿ ಅಂತ ಇರಬಹುದು ಎಂದು ಸಮಾಧಾನ ಹೇಳಿದೆ. ಆದರೂ ಮೂಲದ ಪದ ನೋಡೋಣ ಎಂದು ತೆಗೆದೆ. 'ಎವೊನುಮೋಸ್'. ಎಡ ಎಂದು ನೇರವಾಗಿ ಅನ್ನದೆ 'ಒಳ್ಳೆ ಹೆಸರಿನ ಕೈ' ಎನ್ನುವುದು. ರಾತ್ರಿ ಹೊತ್ತು ಹಾವನ್ನು ಹಾವು ಅನ್ನದೆ 'ಹುಳ' ಅನ್ನುತ್ತೇವಲ್ಲ, ಹಾಗೆ.

ಅದೇ ಬಾಲದ ಪದವನ್ನು ಇನ್ನೆಲ್ಲೋ ಕಂಡ ಹಾಗಿತ್ತು. ಹಾಳೆ ತಿರುವುತ್ತಾ ಹೋದೆ. ಅದು 607ನೇ ಸಾಲಿನಲ್ಲಿ ಸಿಕ್ಕಿತು. ಡನೌಸ್ ಸಭೆಯಿಂದ ಓಡಿ ಬಂದು ಮಕ್ಕಳಿಗೆ ಸುದ್ದಿ ಹೇಳುವ ಜಾಗ. ಊರವರೆಲ್ಲ 'ಡೆಕ್ಸಿಯೋನುಮೋಸ್' ಕೈಗಳನ್ನು, ಬಲ ಎಂಬ ಹೆಸರಿನ ಕೈಗಳನ್ನು ಎತ್ತಿದರು, ಗಾಳಿಗೇ ಮುಳ್ಳೆದ್ದ ಹಾಗಾಯಿತು ಎನ್ನುತ್ತಾನೆ. ಎಡಗೈಗೆ ಆ ಪದ, ಬಲಗೈಗೆ ಅದರ ಜೋಡಿ ಪದ. ಅದೇ ಬಾಯಿ, ಅದೇ ಅಪ್ಪ. ಒಂದು ಕಡೆ ಕೊಂಬೆ ಹಿಡಿಯುವ ಕೈ, ಇನ್ನೊಂದು ಕಡೆ ಮತ ಹಾಕುವ ಕೈ. ಕವಿ ಬೇಕೆಂದೇ ಹೀಗೆ ಮಾಡಿದ್ದಾನೆ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ. ಆ ಸಂಜೆಯಿಂದ ನಮ್ಮ ನಾಟಕದ ನಡೆಯೆಲ್ಲ ಈ ಎರಡು ಕೈಗಳ ಸುತ್ತ ಕಟ್ಟಿಕೊಂಡಿತು. ತಕರಾರು ಎತ್ತಿದ ಹುಡುಗಿಯೇ ಎಲ್ಲರಿಗಿಂತ ಮೊದಲು ಎಡಗೈಗೆ ಒಗ್ಗಿಕೊಂಡಳು.

ಮೇಷ್ಟ್ರಿಗೆ ಅವರ ಉತ್ತರ ಸಿಕ್ಕ ದಿನವನ್ನು ಬರೆಯಲೇಬೇಕು. ವಾದ ಸೋತ ಮೇಲೆ ಹೆಣ್ಣುಮಕ್ಕಳು ರಾಜನಿಗೆ ಒಂದು ಮಾತು ಹೇಳುತ್ತಾರೆ. ನಮ್ಮ ಹತ್ತಿರ ಸೊಂಟಪಟ್ಟಿಗಳಿವೆ. ಹೆಂಗಸರಿಗೆ ಅದು ಇರುವಂಥದ್ದೇ ಅಲ್ಲವೇ ಅನ್ನುತ್ತಾನೆ ರಾಜ. ಅವನಿಗೆ ಸುಳಿವು ಸಿಕ್ಕಿಲ್ಲ. ನೀನು ಮಾತು ಕೊಡದಿದ್ದರೆ ಅವು ಕೆಲಸಕ್ಕೆ ಬರುತ್ತವೆ, ಈ ವಿಗ್ರಹಗಳಿಗೆ ಹೊಸ ಹರಕೆ ಕಟ್ಟುತ್ತೇವೆ. ಒಗಟು ಬೇಡ, ಬಿಡಿಸಿ ಹೇಳು ಅನ್ನುತ್ತಾನೆ ರಾಜ. ಈ ದೇವರುಗಳಿಗೇ ನೇಣು ಹಾಕಿಕೊಳ್ಳುತ್ತೇವೆ.

ವಿಗ್ರಹಗಳಿಗೆ ನಾವು ಮರದ ಕಂಬಗಳನ್ನು ನೆಟ್ಟಿದ್ದೆವು. ಒಂದರ ತುದಿಗೆ ಪೊಸೈಡನ್ನನ ತ್ರಿಶೂಲ, ಇನ್ನೊಂದಕ್ಕೆ ಜ್ಯೂಸನ ಹಕ್ಕಿ, ಹೀಗೆ. ಅವತ್ತು ಮೊದಲ ಸಲ ಕಂಬಗಳ ಜೊತೆ ತಾಲೀಮು. ಮುಂದಿನ ಹುಡುಗಿ 'ಹೊಸ ಹರಕೆ' ಅನ್ನುವಾಗ ಸೊಂಟದ ಹತ್ತಿಪಟ್ಟಿ ಬಿಚ್ಚಿ, ಕಂಬಕ್ಕೆ ಒಂದು ಸುತ್ತು ಹಾಕಿ, ಬೆರಳಿನಿಂದ ನಯವಾಗಿ ಸವರಿದಳು. ನಾನು ಹೇಳಿಕೊಟ್ಟದ್ದಲ್ಲ. ಉಳಿದ 11 ಜನ ಒಬ್ಬೊಬ್ಬರಾಗಿ ತಮ್ಮ ಪಟ್ಟಿಯ ಗಂಟಿಗೆ ಕೈ ಹಾಕಿದರು. ಬಟ್ಟೆ ಉಜ್ಜುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಹೋದರು. ಮುಂದಿನ ಸಾಲು ಹೇಳಲು ಅವರಿಗೆ ಆಗಲಿಲ್ಲ. ಬೆವರು ಒರೆಸಿಕೊಂಡು, "ಈಗ ಗೊತ್ತಾಯ್ತಮ್ಮ" ಅಂದರು. ಎಲ್ಲರ ದೇವರ ಮೇಲೆ ಹೆಣ ನೇತಾಡಿದರೆ ಅದನ್ನು ಯಾವ ರಾಜ ಒಬ್ಬನೇ ಹೊರುತ್ತಾನೆ?

ನಾನು ಇಲ್ಲಿ ಒಂದು ಅಭಿಪ್ರಾಯ ಹೇಳಿಬಿಡುತ್ತೇನೆ. ಇದು ಬೆದರಿಕೆ, ಬೆದರಿಕೆಗೆ ಬಗ್ಗಿ ಹಾಕಿದ ಮತ ಎಂಥ ಮತ ಎಂದು ನಮ್ಮ ತಂಡದಲ್ಲೇ ಕೆಲವರು ವಾದಿಸಿದರು. ನನಗೆ ಹಾಗನಿಸುವುದಿಲ್ಲ. ಬೆದರಿಕೆ ಬಂದದ್ದು ರಾಜನಿಗೆ. ಶರಣು ಬಂದವರನ್ನು ತಳ್ಳಿದರೆ ಊರಿಗೆ ತಟ್ಟುವ ದೋಷವನ್ನು ಅವನು ಮುಚ್ಚಿಡದೆ ಜನರ ಮುಂದೆ ಇಡುತ್ತಾನೆ. ಕೊಂಬೆಗಳನ್ನು ಊರೊಳಗಿನ ಬಲಿಪೀಠಗಳ ಮೇಲೂ ಇಡು, ಎಲ್ಲರಿಗೂ ಕಾಣಲಿ ಎಂದು ಡನೌಸ್‌ಗೆ ಹೇಳುತ್ತಾನೆ. ಜನಕ್ಕೆ ಆಳುವವರ ಮೇಲೆ ತಪ್ಪು ಹೊರಿಸುವುದು ಇಷ್ಟ ಎಂದೂ ಅವನಿಗೆ ಗೊತ್ತು. ಅಪಾಯ ಎರಡೂ ಕಡೆ ಇದೆ ಎಂದು ತಿಳಿದೇ ಜನ ಕೈ ಎತ್ತುತ್ತಾರೆ. ಏನೂ ಕಳೆದುಕೊಳ್ಳದೆ ಹಾಕುವ ಮತಕ್ಕಿಂತ ಅದು ದೊಡ್ಡದು.

ಆ ಸಭೆಯನ್ನು ಈಸ್ಕಿಲಸ್ ರಂಗದ ಮೇಲೆ ತೋರಿಸುವುದಿಲ್ಲ. ಡನೌಸ್ ಬಂದು ಕೆಲವೇ ಸಾಲುಗಳಲ್ಲಿ ಹೇಳುತ್ತಾನೆ. ಅದಕ್ಕೆ ಮುಂಚೆ ಹೆಣ್ಣುಮಕ್ಕಳು ಕೇಳುವ ಪ್ರಶ್ನೆಯಲ್ಲಿ ಒಂದು ಮಾತಿದೆ, 'ಡೆಮೋಸ್'ನ 'ಆಳುವ ಕೈ' ಯಾವ ಕಡೆ ತುಂಬಿತು ಎಂದು. ಡೆಮೋಸ್ ಎಂದರೆ ಜನ. ಆಳುವುದು ಎಂಬುದಕ್ಕೆ ಅಲ್ಲಿರುವ ಪದ 'ಕ್ರಟೂಸ'. ಡೆಮಾಕ್ರಸಿ ಎಂಬ ಪದದ ಎರಡು ತುಂಡು ಇಲ್ಲಿ ಪಕ್ಕಪಕ್ಕ ಬಂದು ಕೂತಿವೆ. ನಾನು 'ಮಂದಿಯ ಆಳುವ ಕೈ' ಎಂದೆ. ಉತ್ತರ ಶುರುವಾಗುವುದು ಅಥೆನ್ಸಿನ ಠರಾವುಗಳು ಶುರುವಾಗುವ ಕ್ರಿಯಾಪದದಿಂದಲೇ. ಹಾಗಾಗಿ 'ಆರ್ಗೋಸಿನವರು ಕೂಡಿ ಮಾಡಿದ ಠರಾವು' ಎಂದು ನಮ್ಮ ಪಂಚಾಯಿತಿಯ ಪದವನ್ನೇ ಹಾಕಿದೆ. ಠರಾವು ಹೀಗಿದೆ: ಇವರು ಈ ನೆಲದಲ್ಲಿ ಸ್ವತಂತ್ರರಾಗಿ ನಮ್ಮ ಜೊತೆ ವಾಸಿಸಲಿ. ಒಳಗಿನವರಾಗಲಿ ಹೊರಗಿನವರಾಗಲಿ ಇವರನ್ನು ಎಳೆದೊಯ್ಯುವಂತಿಲ್ಲ. ಬಲವಂತ ನಡೆದಾಗ ನೆರವಿಗೆ ಬಾರದವನು ಹಕ್ಕು ಕಳೆದುಕೊಂಡು ಗಡಿಪಾರಾಗಲಿ. 'ಜೊತೆ ವಾಸಿಸುವುದು' ಎಂಬುದಕ್ಕೆ ಮೂಲದಲ್ಲಿರುವುದು 'ಮೆಟೊಯಿಕೋಸ್' ಎಂಬ ಪದದ ರೂಪ. ಅಥೆನ್ಸಿನಲ್ಲಿ ನೆಲೆಸಿದ ಹೊರಗಿನವರಿಗೆ ಅದೇ ಹೆಸರು. ನಾನು 'ಜೊತೆವಾಸಿಗಳು' ಎಂದು ಕಟ್ಟಿಕೊಂಡೆ.

ಮೊದಲ ಪ್ರದರ್ಶನದಲ್ಲಿ ನಾನು ಆಸೆಪಟ್ಟು ಒಂದು ಕೆಲಸ ಮಾಡಿದೆ. ಡನೌಸ್ ನೋಡುಗರ ಕಡೆ ತಿರುಗಿ, ನೀವೇ ಆರ್ಗೋಸಿನ ಜನ, ಕೈ ಎತ್ತಿ ಎಂದು ಕೇಳುವ ಹಾಗೆ. ಮುಂದಿನ ಸಾಲಿನಲ್ಲಿ ಏಳೆಂಟು ಕೈ ಎದ್ದವು. ಹಿಂದೆ ಯಾರೋ ನಕ್ಕರು. ಒಬ್ಬರು ಫೋನ್ ಎತ್ತಿ ಫೋಟೋ ತೆಗೆದರು. ಡನೌಸ್ ಮಾಡುತ್ತಿದ್ದವರು ಔಷಧದ ಅಂಗಡಿಯವರು, ತುಂಬಾ ಸಂಕೋಚದ ಮನುಷ್ಯ. ಅವರ ದನಿ ಇಳಿದುಹೋಯಿತು. ತಪ್ಪು ನನ್ನದು. ನಮ್ಮ ನೋಡುಗರು ಆ ಹಬ್ಬವನ್ನು ದಾಟಿ ಬಂದವರಲ್ಲ. ಅವರ ಕೈಯ ಹಿಂದೆ ಯುದ್ಧವೂ ಇಲ್ಲ, ಸೂತಕವೂ ಇಲ್ಲ. ಅವರನ್ನು ಬಲವಂತವಾಗಿ ಅಥೆನ್ಸಿನವರನ್ನಾಗಿ ಮಾಡಲು ನಾನು ಯಾರು?

ಎರಡನೇ ಪ್ರದರ್ಶನಕ್ಕೆ ಅದನ್ನು ತೆಗೆದೆ. ಡನೌಸ್ ತಾನೇ ಬಲಗೈ ಎತ್ತಿ, ಠರಾವು ಹೇಳಿ ಮುಗಿಯುವ ತನಕ ಇಳಿಸದೆ ನಿಲ್ಲಬೇಕು. ಬರೀ ಅಂಗೈ ತೋರಿಸಿದರೆ ನಮ್ಮಲ್ಲಿ ಅದು ಪಕ್ಷದ ಚಿಹ್ನೆಯಾಗಿ ಕಾಣುತ್ತದೆ. ಅದಕ್ಕೆ ತೋಳು ಪೂರ್ತಿ ಮೇಲೆ, ಬೆರಳು ಆಕಾಶಕ್ಕೆ. ಸಭಾಂಗಣ ಸುಮ್ಮನಾಯಿತು. ತೋಳು ನಡುಗುವುದು ಕೊನೆಯ ಸಾಲಿಗೂ ಕಾಣುತ್ತಿತ್ತಂತೆ.

ಈಜಿಪ್ಟಿನ ದೂತ ಬಂದು ಹೆಣ್ಣುಮಕ್ಕಳನ್ನು ಎಳೆಯುವ ದೃಶ್ಯಕ್ಕೆ ಹೆಚ್ಚು ಕಷ್ಟಪಡಲಿಲ್ಲ. ಅದು ತಾನಾಗಿ ಓಡುತ್ತದೆ. ಆದರೆ ಅಲ್ಲಿ ರಾಜ ಹೇಳುವ ಮಾತು ನನಗೆ ಬಹಳ ಪ್ರೀತಿ. ಜನರ ಮತ ಆಗಿದೆ, ಬಡಗಿ ಬಡಿದ ಮೊಳೆಯ ಹಾಗೆ ಆಚೆ ತನಕ ಹೋಗಿದೆ. ಇದು ಹಲಗೆಯಲ್ಲಿ ಕೆತ್ತಿದ್ದಲ್ಲ, ಸುರುಳಿಯಲ್ಲಿ ಮುದ್ರೆ ಒತ್ತಿದ್ದಲ್ಲ, ಬಿಡುಬಾಯಿಯ ನಾಲಿಗೆಯಿಂದ ಸ್ಪಷ್ಟವಾಗಿ ಕೇಳುತ್ತಿದ್ದೀಯ. ಮೂರನೇ ವಾರದ ತಾಲೀಮಿನಲ್ಲಿ 'ನಾನು ಯಾಕೆ ಹೆದರಬೇಕು' ಎಂದ ಮೇಷ್ಟ್ರ ಬಾಯಲ್ಲಿ ಅದನ್ನು ಕೇಳುವುದೇ ಒಂದು ಸುಖ.

ಇನ್ನು ಒಂದು ಉಳಿಯಿತು. ಡನೌಸ್ ಕೈ ಎತ್ತಿದಾಗ ನಾವೂ ಬಲಗೈ ಎತ್ತೋಣವಾ ಎಂದು ಹುಡುಗಿಯರು ಕೇಳಿದರು. "ನಮಗೋಸ್ಕರ ಅಲ್ವಾ ಅಕ್ಕಾ ಆ ಮತ?" ಬೇಡ ಎಂದೆ. ಹೇಳಲು ಬೇಜಾರಾಯಿತು. ಆದರೆ ಆ ಸಭೆಯಲ್ಲಿ ಅವರಿಗೆ ಮತ ಇಲ್ಲ. ಅಥೆನ್ಸಿನಲ್ಲೂ ಹೆಂಗಸರಿಗೆ, ಗುಲಾಮರಿಗೆ, ಜೊತೆವಾಸಿಗಳಿಗೆ ಮತ ಇರಲಿಲ್ಲ. ಈ ನಾಟಕದ ಹೆಣ್ಣುಮಕ್ಕಳ ಪಾತ್ರವನ್ನೂ ಅಲ್ಲಿ ಗಂಡಸರೇ ಹಾಡಿ ಕುಣಿದರು. ಯಾರ ಬದುಕಿನ ಮೇಲೆ ಕೈ ಎದ್ದಿತೋ ಅವರ ಕೈ ಅಲ್ಲಿರಲಿಲ್ಲ. ಅದನ್ನು ಮುಚ್ಚಿ ಚಂದ ಮಾಡಲು ನನಗೆ ಮನಸ್ಸು ಬರಲಿಲ್ಲ.

ಆದರೆ ಸುದ್ದಿ ಕೇಳಿದ ಮೇಲೆ ಅವರು ಮಾಡುವುದೇನು? ಉದ್ದನೆಯ ಹರಕೆಯ ಹಾಡು, ಆರ್ಗೋಸನ್ನು ಹರಸುವ ಹಾಡು. ನಾನು ಮೊದಲು ಪೂರ್ತಿ ಕತ್ತರಿಸಿದ್ದು ಇದನ್ನೇ. ಊರಿಗೆ ಪಿಡುಗು ಬಾರದಿರಲಿ. ಬೆಳೆ ಬರಲಿ, ದನಕರು ಹೆಚ್ಚಲಿ. ಆಮೇಲೆ ಇದೂ ಬರುತ್ತದೆ: ಊರನ್ನು ಆಳುವ ಮಂದಿ ತಮ್ಮ ಹಕ್ಕನ್ನು ಅಲುಗದಂತೆ ಕಾಯಲಿ, ಮುಂದಾಲೋಚನೆಯಿಂದ ಎಲ್ಲರ ಒಳಿತು ನೋಡಲಿ. ಹೊರಗಿನವರ ಮೇಲೆ ಆಯುಧ ಎತ್ತುವ ಮುಂಚೆ ನ್ಯಾಯದ ಮಾತುಕತೆಗೆ ಬರಲಿ. ಮತ ಇಲ್ಲದವರು ಮತ ಇರುವವರ ಆಳ್ವಿಕೆಗಾಗಿ ದೇವರನ್ನು ಬೇಡುತ್ತಿದ್ದಾರೆ. ಅವರ ಹತ್ತಿರ ಕೊಡಲು ಇರುವುದು ಅದೊಂದೇ.

ಹಾಡುವಾಗ ಕೈ ಏನು ಮಾಡಬೇಕು? ರಾಜ ಸಭೆಗೆ ಹೋಗುವ ಮುಂಚೆಯೇ 'ಕೊಂಬೆಗಳನ್ನು ಇಲ್ಲೇ ಬಿಡಿ' ಎಂದು ಹೇಳಿ ಅವರನ್ನು ಗುಡ್ಡದಿಂದ ಕೆಳಗೆ ಇಳಿಸಿರುತ್ತಾನೆ. ಹಾಗಾಗಿ ಎರಡೂ ಕೈ ಖಾಲಿ. ಗ್ರೀಕರು ಮೇಲಿನ ದೇವರುಗಳನ್ನು ಬೇಡುವಾಗ ನಿಂತುಕೊಂಡು ಎರಡೂ ಅಂಗೈಗಳನ್ನು ಆಕಾಶಕ್ಕೆ ಎತ್ತುತ್ತಿದ್ದರು. ಅದನ್ನೇ ಇಟ್ಟೆವು. ಡನೌಸ್ ಕೈ ಇಳಿಸುತ್ತಾನೆ, ಒಂದು ಉಸಿರು, ಆಮೇಲೆ 12 ಜನರ ಕೈಗಳು ಏಳುತ್ತವೆ. ಬಲಗೈಯೂ ಎದ್ದಿತು ನೋಡಿ ಎಂದು ಹುಡುಗಿಯರಿಗೆ ಹೇಳಿದೆ. ಅವರಿಗೆ ಅದು ಮೊದಲೇ ಗೊತ್ತಾಗಿತ್ತು.

ಮೂರನೇ ಪ್ರದರ್ಶನವನ್ನು ನಾನು ಪಕ್ಕದ ಪರದೆಯ ಸಂದಿನಿಂದ ನೋಡಿದೆ. ದೀಪ ಮೇಲಿನಿಂದ ಬೀಳುತ್ತಿತ್ತು. ಹಾಡು ಶುರುವಾಗಿ, ಕೈಗಳು ಎದ್ದವು. ನನ್ನ ಕಡೆ ಇದ್ದ ಹುಡುಗಿಯ ಎಡ ಅಂಗೈಗೆ ಬಿಳಿ ಉಣ್ಣೆಯ ಒಂದು ಎಳೆ ಅಂಟಿಕೊಂಡಿತ್ತು. ಹಾಡು ಮುಗಿಯುವ ತನಕ ಅದು ಬೀಳಲಿಲ್ಲ.